ಬಾಗಿಲು ತೆರೆ ಎಂದರೆ ತೆರೆಯುವ ಗಣಕ

ಪರದೆಯ ಮೇಲೆ ಚಿತ್ರವಿಲ್ಲ, ಓಡುವ ಕಾರಿಲ್ಲ, ಗುಂಡಿನ ಸದ್ದಿಲ್ಲ. ಕಪ್ಪು ಹಿನ್ನೆಲೆಯಲ್ಲಿ ನಾಲ್ಕೇ ನಾಲ್ಕು ಸಾಲು ಅಕ್ಷರ. ನೀವೊಂದು ಪಾಳು ಮಂಟಪದಲ್ಲಿದ್ದೀರಿ, ಮೂಡಣಕ್ಕೆ ಮುಚ್ಚಿದ ಬಾಗಿಲಿದೆ, ನೆಲದ ಮೇಲೆ ಲಾಟೀನು ಬಿದ್ದಿದೆ ಎಂದು ಗಣಕ ಹೇಳುತ್ತದೆ. ಅದರ ಕೆಳಗೆ ಒಂದು ಗೆರೆ ಮಿಣುಕುತ್ತಿರುತ್ತದೆ. ಈಗ ಮಾತಾಡುವ ಸರದಿ ನಿಮ್ಮದು. ಲಾಟೀನು ತೆಗೆದುಕೊಳ್ಳಬೇಕೆ, ಬಾಗಿಲು ತೆರೆಯಬೇಕೆ, ಇಲ್ಲವೇ ಸುಮ್ಮನೆ ಹಿಂದಕ್ಕೆ ಹೋಗಬೇಕೆ? ಏನು ಮಾಡಬೇಕೆಂದಿದ್ದೀರೋ ಅದನ್ನು ಕೀಲಿಮಣೆಯಲ್ಲಿ ಬರೆದರೆ ಕಥೆ ಮುಂದಕ್ಕೆ ನಡೆಯುತ್ತದೆ. ಇದು ಅಕ್ಷರದಾಟ, ಇಂಗ್ಲಿಷಿನಲ್ಲಿ ಟೆಕ್ಸ್ಟ್ ಅಡ್ವೆಂಚರ್ ಎಂದು ಹೆಸರು.

ಕಂಪ್ಯೂಟರ್ ಗೇಮ್ ಎಂದರೆ ಓದು ಹಾಳು ಎಂದು ಮುಖ ಸಿಂಡರಿಸುವ ಪಾಲಕರಿಗೆ ಒಂದು ಸಂಗತಿ ಹೇಳಿಬಿಡಬೇಕು. ಈ ಆಟವನ್ನು ಓದದೆ ಆಡಲು ಸಾಧ್ಯವೇ ಇಲ್ಲ. ಒಂದು ಸಾಲನ್ನು ಹಾರಿಸಿ ಓದಿದವನು ಅದೇ ಸಾಲಿನಲ್ಲಿದ್ದ ಗುಂಡಿಗೆ ಬೀಳುತ್ತಾನೆ.

ಇದರ ಹುಟ್ಟಿನ ಹಿಂದೆಯೂ ಒಬ್ಬ ತಂದೆಯಿದ್ದಾನೆ. ಅಮೆರಿಕದ ವಿಲ್ ಕ್ರೌದರ್, ಇಂದಿನ ಇಂಟರ್‌ನೆಟ್ಟಿನ ಪೂರ್ವಜವಾದ ಆರ್ಪಾನೆಟ್ ಜಾಲವನ್ನು ಕಟ್ಟಿದ ಬಿಬಿಎನ್ ಎಂಬ ಸಂಸ್ಥೆಯ ತಂತ್ರಜ್ಞ. ರಜೆ ಸಿಕ್ಕರೆ ಗುಹೆಗಳಲ್ಲಿ ತೆವಳುವುದು ಆತನ ಹವ್ಯಾಸ. ಕೆಂಟಕಿ ರಾಜ್ಯದ ಮ್ಯಾಮತ್ ಗುಹೆಯ ನಕ್ಷೆ ತಯಾರಿಸುವ ತಂಡದಲ್ಲಿ ಆತ ದುಡಿದಿದ್ದ. ಆತನ ಪತ್ನಿ ಪೆಟ್ರೀಷಿಯಾ ಇನ್ನೂ ಗಟ್ಟಿಗಿತ್ತಿ. ಫ್ಲಿಂಟ್ ರಿಜ್ ಗುಹೆಗಳಿಗೂ ಮ್ಯಾಮತ್ ಗುಹೆಗೂ ಒಳಗಿಂದೊಳಗೇ ದಾರಿಯಿದೆ ಎಂದು 1972ರಲ್ಲಿ ತೋರಿಸಿಕೊಟ್ಟ ತಂಡದಲ್ಲಿ ಆಕೆಯಿದ್ದಳು. ಮುಂದೆ ಇಬ್ಬರೂ ಬೇರೆಯಾದರು. ಮನೆಗೆ ಬಂದಾಗ ಇಬ್ಬರು ಹೆಣ್ಣುಮಕ್ಕಳನ್ನು ಹೇಗೆ ರಮಿಸುವುದೆಂದು ಯೋಚಿಸಿದ ಕ್ರೌದರ್, 1975-76ರ ಸುಮಾರಿಗೆ ತಾನು ತೆವಳಿದ್ದ ಗುಹೆಯನ್ನೇ ಪದಗಳಲ್ಲಿ ಕಟ್ಟಿ ಕಂಪ್ಯೂಟರಿಗೆ ತುಂಬಿದ. ಗಣಕದ ಗಂಧವಿಲ್ಲದವರೂ ಬೆದರದಂತೆ, ಸಾಮಾನ್ಯ ಮಾತಿನಲ್ಲೇ ಅಪ್ಪಣೆ ಕೊಡುವಂತಿರಬೇಕೆಂಬುದು ಆತನ ಆಸೆಯಾಗಿತ್ತು. 1977ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಾನ್ ವುಡ್ಸ್ ಎಂಬ ವಿದ್ಯಾರ್ಥಿ ಅದನ್ನು ಕಂಡು ಬೆರಗಾಗಿ, ಬರೆದವನ ವಿಳಾಸ ತಿಳಿಯದೆ, ಜಾಲದಲ್ಲಿದ್ದ ಎಲ್ಲ ಗಣಕಗಳಿಗೂ ಕ್ರೌದರ್ ಹೆಸರಿಗೆ ಪತ್ರ ಹಾಕಿದ. ಒಂದು ಪತ್ರ ತಲುಪಿತು, ಒಪ್ಪಿಗೆ ಸಿಕ್ಕಿತು. ವುಡ್ಸ್ ಅದಕ್ಕೆ ಇನ್ನಷ್ಟು ಸೇರಿಸಿ ಬೆಳೆಸಿದ. ಅಡ್ವೆಂಚರ್ ಎಂಬ ಆ ಆಟದ ಹೆಸರೇ ಮುಂದೆ ಇಡೀ ಪ್ರಕಾರಕ್ಕೆ ನಿಂತಿತು.

ಆ ಆಟ ನಿಮ್ಮ ಮಾತಿನ ಪ್ರತಿ ಪದದಲ್ಲಿ ಮೊದಲ ಐದು ಅಕ್ಷರಗಳನ್ನಷ್ಟೇ ನೋಡುತ್ತಿತ್ತು. ಸೋಮಾರಿತನವಲ್ಲ, ಲೆಕ್ಕಾಚಾರ. ಅದು ಓಡುತ್ತಿದ್ದ ಪಿಡಿಪಿ-10 ಎಂಬ ಯಂತ್ರದ ಒಂದೊಂದು ಕೋಶದಲ್ಲಿ 36 ಬಿಟ್. ಒಂದು ಅಕ್ಷರಕ್ಕೆ 7 ಬಿಟ್ ಎಂದರೆ ಐದು ಅಕ್ಷರಕ್ಕೆ 35. ಒಂದು ಕೋಶಕ್ಕೆ ಒಂದು ಪದ ಸರಿಯಾಗಿ ಕೂರುತ್ತದೆ, ಒಂದು ಬಿಟ್ ಮಿಗುತ್ತದೆ. 1978ರಲ್ಲಿ ಸ್ಕಾಟ್ ಆಡಮ್ಸ್ ಎಂಬಾತ ಇದೇ ಬಗೆಯ ಆಟವನ್ನು 16 ಕಿಲೋಬೈಟಿನ ಪುಟ್ಟ ಮನೆಗಣಕಕ್ಕೆ ಇಳಿಸಿದಾಗ ಮೂರೇ ಅಕ್ಷರಕ್ಕೆ ತೃಪ್ತನಾಗಬೇಕಾಯಿತು.

ಇನ್ನು ಭಾರತಕ್ಕೆ ಬರೋಣ. ಇಂಗ್ಲೆಂಡಿನ ಬಿಬಿಸಿ ಸಂಸ್ಥೆ ತನ್ನ ದೇಶದ ಜನರಿಗೆ ಗಣಕ ಕಲಿಸಲು ಹಮ್ಮಿಕೊಂಡ ಕಾರ್ಯಕ್ರಮಕ್ಕಾಗಿ ಕೇಂಬ್ರಿಜಿನ ಏಕಾರ್ನ್ ಕಂಪನಿ 1981ರ ಡಿಸೆಂಬರಿನಲ್ಲಿ ಬಿಬಿಸಿ ಮೈಕ್ರೋ ಎಂಬ ಯಂತ್ರವನ್ನು ಹೊರತಂದಿತು. 1984-85ರಲ್ಲಿ ಭಾರತ ಸರ್ಕಾರ ಶಾಲೆಗಳಿಗೆ ಗಣಕ ಶಿಕ್ಷಣ ಒದಗಿಸುವ ‘ಕ್ಲಾಸ್’ ಯೋಜನೆ ಆರಂಭಿಸಿದಾಗ ಆರಿಸಿಕೊಂಡದ್ದು ಇದೇ ಯಂತ್ರವನ್ನು. ಮೊದಲ ಕಂತಿನಲ್ಲಿ ದೇಶದ ಸುಮಾರು 250 ಪ್ರೌಢಶಾಲೆಗಳಿಗೆ ಅದು ತಲುಪಿತು. ಬಳಿಕ ಸರ್ಕಾರಿ ಸ್ವಾಮ್ಯದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ಅದರ ದೇಶೀ ರೂಪವನ್ನು ಯೂನಿಕಾರ್ನ್ ಎಂಬ ಹೆಸರಿನಲ್ಲಿ ತಯಾರಿಸಿತು. 1980ರ ದಶಕದ ಕೊನೆಯಲ್ಲಿ ಡೆಸಿಬೆಲ್ಸ್ ಎಂಬ ಕಂಪನಿ ಇಂಗ್ಲೆಂಡಿನ ಸಿಂಕ್ಲೇರ್ ಸ್ಪೆಕ್ಟ್ರಮ್ ಯಂತ್ರವನ್ನು ಇಲ್ಲೇ ತಯಾರಿಸಿ ಡಿಬಿ ಸ್ಪೆಕ್ಟ್ರಮ್ ಎಂದು ಮಾರಿತು. ಟಿ.ವಿ.ಗೆ ಒಂದು ತಂತಿ, ಟೇಪ್ ರೆಕಾರ್ಡರಿಗೆ ಇನ್ನೊಂದು ತಂತಿ. ಇಷ್ಟಾದರೆ ಮನೆಯಲ್ಲಿ ಗಣಕ ಸಿದ್ಧ.

ಹೌದು, ಟೇಪ್ ರೆಕಾರ್ಡರೇ. ಚಾಮರಾಜನಗರದ ಮನೆಗಳಲ್ಲಿ ರಾಜಕುಮಾರರ ಹಾಡು ಕೇಳುತ್ತಿದ್ದ ಅದೇ ಬಗೆಯ ಪೆಟ್ಟಿಗೆ. ಕ್ಯಾಸೆಟ್ಟಿನಲ್ಲಿ ಹಾಡಿನ ಬದಲು ಕೀಚಲು ದನಿಯೊಂದು ತುಂಬಿರುತ್ತಿತ್ತು. ಬಿಬಿಸಿ ಮೈಕ್ರೋ ಆ ದನಿಯಿಂದ ಸೆಕೆಂಡಿಗೆ 1,200 ಬಿಟ್ ಹೀರಿಕೊಳ್ಳುತ್ತಿತ್ತು. 20 ಕಿಲೋಬೈಟಿನ ಆಟ ಒಳಗಿಳಿಯಲು ಹತ್ತಿರ ಹತ್ತಿರ ಮೂರು ನಿಮಿಷ. ದನಿ ಹೆಚ್ಚಾದರೂ ತಪ್ಪು, ಕಡಿಮೆಯಾದರೂ ತಪ್ಪು. ಕೊನೆಯ ಗಳಿಗೆಯಲ್ಲಿ ಟೇಪು ಎಡವಿದರೆ ಮತ್ತೆ ಮೊದಲಿನಿಂದ. ಈಗಿನ ಮಕ್ಕಳಿಗೆ ಇದೊಂದು ಶಿಕ್ಷೆಯಂತೆ ಕಂಡೀತು. ಕಾದು ಕೂತವರಿಗೆ ಮಾತ್ರ ಆಟ ತೆರೆದುಕೊಂಡ ಗಳಿಗೆ ತೇರು ಹೊರಟ ಗಳಿಗೆಗೆ ಕಡಿಮೆಯದಲ್ಲ.

ಸ್ಪೆಕ್ಟ್ರಮ್ ಯಂತ್ರಕ್ಕೆ 1982ರಲ್ಲಿ ಬಂದ ‘ದಿ ಹಾಬಿಟ್’ ಆಟವನ್ನು ಬರೆದವರಲ್ಲಿ ಮುಖ್ಯಳಾದವಳು ವೆರೋನಿಕಾ ಮೆಗ್ಲರ್, ಆಗ ಮೆಲ್ಬರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ. ಆಟಗಾರ ಸುಮ್ಮನೆ ಕೂತರೂ ಅದರೊಳಗಿನ ಪಾತ್ರಗಳು ತಮ್ಮ ಪಾಡಿಗೆ ತಾವು ಓಡಾಡಿಕೊಂಡು, ಕೆಲವೊಮ್ಮೆ ತಂತಮ್ಮಲ್ಲೇ ಜಗಳವಾಡಿಕೊಂಡಿರುತ್ತಿದ್ದವು. ಬಿಬಿಸಿ ಮೈಕ್ರೋಗೆ ಆಟ ಬರೆದು ಹೆಸರಾದ ಪೀಟರ್ ಕಿಲ್‌ವರ್ತ್ ವೃತ್ತಿಯಿಂದ ಸಾಗರ ವಿಜ್ಞಾನಿ. ಇಂಥ ಆಟ ಬರೆಯುವುದು ಹೇಗೆಂದು ಆತ 1984ರಲ್ಲಿ ಒಂದು ಪುಸ್ತಕವನ್ನೇ ಬರೆದ.

ಆದರೆ ಯಂತ್ರದ ಒಳಗಿನ ಕೌಶಲ ನೋಡಬೇಕೆಂದರೆ ಝೋರ್ಕ್ ಆಟವನ್ನೇ ನೋಡಬೇಕು. ಎಂಐಟಿಯ ನಾಲ್ವರು ಗೆಳೆಯರು 1977ರಲ್ಲಿ ದೊಡ್ಡ ಯಂತ್ರದಲ್ಲಿ ಬರೆಯತೊಡಗಿದ ಆಟ ಅದು. ಎರಡು ಪದವಲ್ಲ, ಇಡೀ ವಾಕ್ಯವನ್ನೇ ಅದು ಅರ್ಥ ಮಾಡಿಕೊಳ್ಳುತ್ತಿತ್ತು. 1979ರಲ್ಲಿ ಇನ್ಫೋಕಾಮ್ ಎಂಬ ಕಂಪನಿ ಕಟ್ಟಿ ಅದನ್ನು ಮನೆಗಣಕಕ್ಕೆ ಇಳಿಸುವ ಯೋಚನೆ ಬಂದಾಗ ಎರಡು ತೊಡಕು ಎದುರಾದವು. ಮೊದಲನೆಯದು, ಮಾರುಕಟ್ಟೆಯಲ್ಲಿದ್ದ ಹತ್ತಾರು ಬಗೆಯ ಗಣಕಗಳಲ್ಲಿ ಒಂದರ ಭಾಷೆ ಇನ್ನೊಂದಕ್ಕೆ ಬಾರದು. ಅವರು ಕಂಡುಕೊಂಡ ದಾರಿ ಜಾಣತನದ್ದು. ಎಲ್ಲೂ ಇಲ್ಲದ ಒಂದು ಕಾಲ್ಪನಿಕ ಗಣಕವನ್ನು ಕಾಗದದ ಮೇಲೆ ರೂಪಿಸಿ, ಅದಕ್ಕೆ ಝಡ್-ಮಷೀನ್ ಎಂದು ಹೆಸರಿಟ್ಟು, ಆಟವನ್ನು ಆ ಇಲ್ಲದ ಯಂತ್ರಕ್ಕಾಗಿಯೇ ಬರೆದರು. ಬಳಿಕ ಪ್ರತಿಯೊಂದು ನಿಜ ಗಣಕಕ್ಕೂ ಒಬ್ಬೊಬ್ಬ ದುಭಾಷಿಯಂಥ ಸಣ್ಣ ತಂತ್ರಾಂಶ ಬರೆದರೆ ಸಾಕಾಯಿತು. ಹತ್ತು ಆಟ, ಹತ್ತು ಯಂತ್ರ ಎಂದರೆ ನೂರು ಸಲ ಬರೆಯಬೇಕಿದ್ದ ಕೆಲಸ ಇಪ್ಪತ್ತಕ್ಕೆ ಇಳಿಯಿತು.

ಎರಡನೆಯ ತೊಡಕು ಜಾಗದ್ದು. ಮೂವತ್ತೆರಡು, ನಲವತ್ತೆಂಟು ಕಿಲೋಬೈಟಿನ ಸ್ಮೃತಿಗೆ ಇಡೀ ಕಥೆ ಹಿಡಿಸುವುದಿಲ್ಲ. ಆದ್ದರಿಂದ ಆಟಗಾರ ನಿಂತ ಜಾಗಕ್ಕೆ ಬೇಕಾದ ಪುಟವನ್ನಷ್ಟೇ ಫ್ಲಾಪಿಯಿಂದ ಒಳಗೆ ತರುವುದು, ಬೇಡವಾದದ್ದನ್ನು ಹೊರಗೆ ಬಿಡುವುದು. ಜೊತೆಗೆ ಅಕ್ಷರಗಳನ್ನು ಒತ್ತಿ ತುಂಬುವುದು: ಸಾಮಾನ್ಯವಾಗಿ ಎರಡು ಬೈಟಿನಲ್ಲಿ ಎರಡು ಅಕ್ಷರ ಕೂರುವ ಕಡೆ ಐದೈದು ಬಿಟ್ಟಿನಂತೆ ಮೂರನ್ನು ಕೂರಿಸಿದರು. ಗುಂಡ್ಲುಪೇಟೆಯ ಸಂತೆ ದಿನದ ಬಸ್ಸಿನಲ್ಲಿ ಎರಡು ಸೀಟಿಗೆ ಮೂವರು ಕೂತಂತೆ.

ಇನ್ಫೋಕಾಮ್ 1989ರಲ್ಲಿ ಬಾಗಿಲು ಹಾಕಿತು. ಆದರೆ ಆ ಕಾಲ್ಪನಿಕ ಯಂತ್ರ ಸಾಯಲಿಲ್ಲ. ಅದರ ಒಳಗುಟ್ಟನ್ನು ಹವ್ಯಾಸಿಗಳು ಬಿಡಿಸಿದರು. ಗಣಿತಜ್ಞ ಗ್ರಹಾಂ ನೆಲ್ಸನ್ 1993ರಲ್ಲಿ ಇನ್‌ಫಾರ್ಮ್ ಎಂಬ ಭಾಷೆಯನ್ನು ರೂಪಿಸಿ, ಯಾರು ಬೇಕಾದರೂ ಝಡ್-ಮಷೀನಿಗೆ ಹೊಸ ಆಟ ಬರೆಯುವಂತೆ ಮಾಡಿದ. ಇತ್ತೀಚೆಗೆ ಬಂದ ಓಝ್‌ಮೂ ಎಂಬ ದುಭಾಷಿ ಕಮೊಡೋರ್ 64 ಯಂತ್ರದಲ್ಲೂ, ಬಿಬಿಸಿ ಮೈಕ್ರೋದಲ್ಲೂ ಈ ಆಟಗಳನ್ನು ಓಡಿಸುತ್ತದೆ. ಪ್ಯೂನಿಇನ್‌ಫಾರ್ಮ್ ಎಂಬುದು ಹಳೆಯ ಪುಟ್ಟ ಯಂತ್ರಗಳಿಗೆಂದೇ ಹಗುರವಾಗಿ ಕಟ್ಟಿದ ಬರಹದ ಚೌಕಟ್ಟು. 2025ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಕಂಪನಿ ಝೋರ್ಕ್‌ನ ಮೊದಲ ಮೂರು ಆಟಗಳ ಮೂಲ ಬರಹವನ್ನು ಎಲ್ಲರೂ ಮುಕ್ತವಾಗಿ ಬಳಸುವಂತೆ ಬಿಡುಗಡೆ ಮಾಡಿತು. ನಲವತ್ತು ವರ್ಷ ಹಿಂದಿನ ಬರಹವನ್ನು ಒಬ್ಬ ಪಿ.ಯು.ಸಿ. ವಿದ್ಯಾರ್ಥಿ ಇಂದು ಸಾಲು ಸಾಲಾಗಿ ಓದಬಹುದು.

ಹಳೆಯ ಯಂತ್ರವೇ ಬೇಕೆಂದಿಲ್ಲ. ಬಿಬಿಸಿ ಮೈಕ್ರೋವನ್ನು ಅನುಕರಿಸುವ ಬೀಬ್‌ಎಮ್, ಸ್ಪೆಕ್ಟ್ರಮ್ಮನ್ನು ಅನುಕರಿಸುವ ಫ್ಯೂಸ್, ಝಡ್-ಮಷೀನ್ ಆಟಗಳನ್ನು ನೇರವಾಗಿ ಓದುವ ಫ್ರಾಟ್ಜ್ ಮೊದಲಾದ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಶಾಲೆಯ ಮೂಲೆಯಲ್ಲಿ ದೂಳು ತಿನ್ನುತ್ತಿರುವ ಹಳೆಯ ಪಿ.ಸಿ.ಗೂ ಇವು ಭಾರವಲ್ಲ. ಯಾರಿಗಾದರೂ ನಿಜವಾದ ಬಿಬಿಸಿ ಮೈಕ್ರೋ ಸಿಕ್ಕಿತೆನ್ನಿ, ಖುಷಿಯಲ್ಲಿ ನೇರವಾಗಿ ವಿದ್ಯುತ್ತಿಗೆ ಚುಚ್ಚಬೇಡಿ. ಅದರ ವಿದ್ಯುತ್ ಪೂರೈಕೆ ಭಾಗದಲ್ಲಿರುವ ಹಳೆಯ ಕೆಪಾಸಿಟರುಗಳು ವಯಸ್ಸಾದಂತೆ ಬಿರುಕು ಬಿಟ್ಟು ತೇವ ಹೀರಿರುತ್ತವೆ. ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ಟಪ್ಪೆಂದು ಒಡೆದು ಕೋಣೆ ತುಂಬ ಹೊಗೆಯೆಬ್ಬಿಸುತ್ತವೆ. ರೇಡಿಯೋ, ಟಿ.ವಿ. ರಿಪೇರಿ ಬಲ್ಲವರಿಂದ ಅವನ್ನು ಮೊದಲು ಬದಲಾಯಿಸಿಕೊಳ್ಳಬೇಕು. ಹಳೆಯ ಕ್ಯಾಸೆಟ್ಟು, ಫ್ಲಾಪಿಗಳಿದ್ದರಂತೂ ತಡಮಾಡದೆ ನಕಲು ತೆಗೆದಿಡುವುದು ಒಳ್ಳೆಯದು. ಅವುಗಳ ಮೇಲಿನ ಕಾಂತಲೇಪ ವರ್ಷ ವರ್ಷಕ್ಕೂ ಸವೆಯುತ್ತದೆ.

ಇಷ್ಟೆಲ್ಲ ಇಂಗ್ಲಿಷಿನ ಕಥೆಯಾಯಿತು. ಚಾಮರಾಜನಗರದ ಒಂದು ಸರ್ಕಾರಿ ಪ್ರೌಢಶಾಲೆಯ ಹುಡುಗಿ ಗಣಕದೆದುರು ಕೂತು ಕನ್ನಡದಲ್ಲಿ ‘ಬಾಗಿಲು ತೆರೆ’ ಎಂದು ಬರೆದರೆ ಬಾಗಿಲು ತೆರೆಯಬಾರದೇಕೆ? ಮನೆಯಲ್ಲಿ, ಬೀದಿಯಲ್ಲಿ ಚುರುಕಾಗಿ ಮಾತಾಡುವ ಹುಡುಗಿ, ಇಂಗ್ಲಿಷ್ ಬಾರದೆಂಬ ಒಂದೇ ಕಾರಣಕ್ಕೆ ಗಣಕದೆದುರು ಮೂಕಿಯಾಗುತ್ತಾಳೆ. ಅವಳ ಮಾತು ಅದಕ್ಕೆ ತಿಳಿಯುವಂತೆ ಮಾಡಲು ಎಷ್ಟು ಕಷ್ಟ? ಇಲ್ಲೇ ಈ ಹಳೆಯ ಆಟ ನಿಜವಾದ ಪಾಠವಾಗುತ್ತದೆ.

ಮೊದಲು ಲಿಪಿ. ಬಿಬಿಸಿ ಮೈಕ್ರೋದಲ್ಲಿ ಒಂದು ಅಕ್ಷರವೆಂದರೆ ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಚೌಕ. ಬೇಕಾದ ಚುಕ್ಕೆಗಳನ್ನು ಹೊತ್ತಿಸಿ ಹೊಸ ಅಕ್ಷರ ಬಿಡಿಸಿಕೊಳ್ಳಬಹುದು. ರಂಗೋಲಿ ಬಲ್ಲವರಿಗೆ ಕಷ್ಟವಲ್ಲ. ‘ರ’, ‘ಗ’ ಹೇಗೋ ಹಿಡಿಸುತ್ತವೆ. ಗುಂಡ್ಲುಪೇಟೆ ಎಂದು ಬರೆಯಹೊರಟರೆ ಮಾತ್ರ ‘ಡ’ದ ಕೆಳಗೆ ‘ಲ’ದ ಒತ್ತು, ಪಕ್ಕದಲ್ಲಿ ಕೊಂಬು. ಎಂಟು ಚುಕ್ಕೆಯಲ್ಲಿ ಇವೆಲ್ಲ ಕಲಸಿ ಮುದ್ದೆಯಾಗುತ್ತವೆ. ಅಕ್ಷರಕ್ಕೆ ಹದಿನಾರು ಚುಕ್ಕೆ ಅಗಲ, ಹದಿನಾರು ಚುಕ್ಕೆ ಎತ್ತರ ಕೊಡಲೇಬೇಕು. ಆಗ ಪರದೆಯ ಒಂದು ಸಾಲಿಗೆ ಇಪ್ಪತ್ತು ಅಕ್ಷರ, ಒಟ್ಟು ಹದಿನಾರು ಸಾಲು.

ಅದಕ್ಕೂ ಬೆಲೆ ತೆರಬೇಕು. ಈ ಯಂತ್ರದ ಒಟ್ಟು ಸ್ಮೃತಿ 32 ಕಿಲೋಬೈಟ್. ಬರೀ ಇಂಗ್ಲಿಷ್ ಅಕ್ಷರ ತೋರುವ ಪರದೆಗೆ ಅದರಲ್ಲಿ ಒಂದೇ ಕಿಲೋಬೈಟ್ ಸಾಕು. ಚುಕ್ಕೆ ಚುಕ್ಕೆಯಾಗಿ ಬರೆಯುವ ನಾಲ್ಕನೆಯ ಮಾದರಿಯ ಪರದೆಗೆ ಹತ್ತು ಬೇಕು. ಯಂತ್ರದ ಸ್ವಂತ ಖರ್ಚು ಮೂರೂವರೆ. ಉಳಿಯುವುದು ಹದಿನೆಂಟೂವರೆ. ಕನ್ನಡದ ಮೂಲಾಕ್ಷರ, ಕಾಗುಣಿತದ ಚಿಹ್ನೆ, ಒತ್ತುಗಳ ಚಿತ್ರಗಳಿಗೆ ಮೂರು-ನಾಲ್ಕು ಕಿಲೋಬೈಟ್ ತೆಗೆದರೆ ಉಳಿದದ್ದು ಹದಿನೈದರ ಆಸುಪಾಸು. ಒಂದೊಂದು ಚಿಹ್ನೆಗೆ ಒಂದೊಂದು ಬೈಟ್ ಎಂದು ಹಿಡಿದರೂ ಅಷ್ಟರಲ್ಲಿ ಹದಿನೇಳುನೂರು, ಹದಿನೆಂಟುನೂರು ಕನ್ನಡ ಪದ ಹಿಡಿಸಿದರೆ ಹೆಚ್ಚು. ಈ ಅಂಕಣವೇ ಅದರಲ್ಲಿ ಪೂರ್ತಿ ಕೂರಲಾರದು! ಆಟದ ಕ್ರಮವಿಧಿಗೆ ಜಾಗ ಎಲ್ಲಿಂದ ಬರಬೇಕು? ಇನ್ಫೋಕಾಮಿನವರು ಅಕ್ಷರಗಳನ್ನು ಒತ್ತೊತ್ತಿ ತುಂಬಿದ್ದೇಕೆಂಬುದು ಆಗ ತಾನಾಗಿ ಅರ್ಥವಾಗುತ್ತದೆ.

ಇಂದಿನ ಗಣಕಗಳಿಗೆ ಈ ಬಡತನವಿಲ್ಲ. 1991ರಲ್ಲಿ ಬಂದ ಯೂನಿಕೋಡ್ ಸಂಕೇತದ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ‘ಗುಂಡ್ಲುಪೇಟೆ’ ಎಂಬಲ್ಲಿ ಯೂನಿಕೋಡಿನ ಲೆಕ್ಕದಲ್ಲಿ ಹನ್ನೊಂದು ಚಿಹ್ನೆಗಳಿವೆ. ಈಗ ರೂಢಿಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ ಮೂರು ಬೈಟ್, ಅಂದರೆ ಊರಿನ ಹೆಸರಿಗೇ 33 ಬೈಟ್. ಇಂಗ್ಲಿಷಿನಲ್ಲಿ ಅದೇ ಹೆಸರು ಒಂಬತ್ತರಲ್ಲಿ ಮುಗಿಯುತ್ತದೆ. ಝಡ್-ಮಷೀನಿನ 1997ರ ಪ್ರಮಾಣಪತ್ರದ ಪ್ರಕಾರ ಪರಭಾಷೆಯ ಅಕ್ಷರಗಳಿಗೆಂದು 97 ಸ್ಥಾನಗಳಿವೆ. ಕನ್ನಡದ ವರ್ಣಮಾಲೆ, ಕಾಗುಣಿತದ ಚಿಹ್ನೆ, ಅಂಕಿಗಳನ್ನೆಲ್ಲ ಸೇರಿಸಿದರೂ ಅಷ್ಟರಲ್ಲಿ ಅಡಗುತ್ತವೆ.

ಲಿಪಿಗಿಂತ ಸ್ವಾರಸ್ಯದ್ದು ವ್ಯಾಕರಣ. ಇಂಗ್ಲಿಷ್ ಆಟದಲ್ಲಿ ಮೊದಲ ಪದ ಕ್ರಿಯೆ, ಎರಡನೆಯದು ವಸ್ತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಆದ್ದರಿಂದ ಗಣಕಕ್ಕೆ ಕೊಡಬೇಕಾದ ಮೊದಲ ಸೂಚನೆ, ಕೊನೆಯ ಪದವನ್ನು ಮೊದಲು ನೋಡು ಎಂಬುದು. ಎರಡನೆಯ ಸೂಚನೆ, ಉಳಿದ ಪದಗಳ ಬಾಲ ನೋಡು. ‘ಲಾಟೀನನ್ನು ಕಡ್ಡಿಯಿಂದ ಹೊತ್ತಿಸು’ ಎಂದರೂ ಅಷ್ಟೇ, ‘ಕಡ್ಡಿಯಿಂದ ಲಾಟೀನನ್ನು ಹೊತ್ತಿಸು’ ಎಂದರೂ ಅಷ್ಟೇ. ಯಾವುದನ್ನು ಹೊತ್ತಿಸಬೇಕು, ಯಾವುದರಿಂದ ಹೊತ್ತಿಸಬೇಕು ಎಂಬುದನ್ನು ಪದದ ಸ್ಥಾನ ಹೇಳುವುದಿಲ್ಲ, ವಿಭಕ್ತಿ ಪ್ರತ್ಯಯ ಹೇಳುತ್ತದೆ. ಈ ವಿಷಯದಲ್ಲಿ ಗಣಕಕ್ಕೆ ಇಂಗ್ಲಿಷಿಗಿಂತ ಕನ್ನಡವೇ ಸುಲಭ ಎನ್ನಬೇಕು.

ಆದರೆ ಬಾಲ ಕತ್ತರಿಸುವ ಕೆಲಸ ಸಲೀಸಲ್ಲ. ಕಲ್ಲು ‘ಕಲ್ಲನ್ನು’ ಆಗುತ್ತದೆ, ಮನೆ ‘ಮನೆಯನ್ನು’ ಆಗುತ್ತದೆ, ಮರ ‘ಮರವನ್ನು’ ಆಗುತ್ತದೆ. ಬೆಟ್ಟಕ್ಕೆ ಹೋಗಬೇಕು, ಊರಿಗೆ ಹೋಗಬೇಕು, ಮನೆಗೆ ಹೋಗಬೇಕು. ಒಂದೇ ಚತುರ್ಥಿಗೆ ಎಷ್ಟು ವೇಷ! ಎಂಟನೆಯ ತರಗತಿಯಿಂದ ಎಸ್.ಎಸ್.ಎಲ್.ಸಿ.ವರೆಗೆ ಮಕ್ಕಳು ಅಂಕಗಳಿಗಾಗಿ ಬಾಯಿಪಾಠ ಮಾಡುವ ಲೋಪಸಂಧಿ, ಯಕಾರಾಗಮ, ವಕಾರಾಗಮಗಳು ಇಲ್ಲಿ ದಿಢೀರನೆ ಜೀವ ತಳೆಯುತ್ತವೆ. ‘ಅನ್ನು’ ಕಂಡರೆ ತೆಗೆದುಹಾಕು. ಅದರ ಹಿಂದೆ ಯಕಾರ ಅಥವಾ ವಕಾರವಿದ್ದರೆ ಅದನ್ನೂ ತೆಗೆ. ಉಳಿದದ್ದು ಪಟ್ಟಿಯಲ್ಲಿದೆಯೇ ನೋಡು. ಇಲ್ಲದಿದ್ದರೆ ಕೊನೆಗೆ ಉಕಾರ ಸೇರಿಸಿ ಮತ್ತೆ ನೋಡು. ಕೇಶಿರಾಜನ ಕಾಲದಿಂದ ಬಂದ ಶಾಸ್ತ್ರ ನಾಲ್ಕು ಸಾಲಿನ ಕ್ರಮವಿಧಿಯಾಯಿತು. ಈ ನಾಲ್ಕು ಸಾಲನ್ನು ತಪ್ಪಿಲ್ಲದೆ ಬರೆದ ಹುಡುಗನಿಗೆ ಸಂಧಿ ಪ್ರಕರಣದಲ್ಲಿ ಅಂಕ ಕಳೆಯುವ ಪ್ರಸಂಗ ಬರಲಾರದು.

ಪುಸ್ತಕದಲ್ಲಿಲ್ಲದ ತೊಡಕುಗಳೂ ಇವೆ. ‘ಮಂಟಪದಿಂದ ಹೊರಡು’ ಎಂಬಲ್ಲಿಯೂ ‘ಇಂದ’, ‘ಕಡ್ಡಿಯಿಂದ ಹೊತ್ತಿಸು’ ಎಂಬಲ್ಲಿಯೂ ‘ಇಂದ’. ಪಂಚಮಿಗೆ ‘ದೆಸೆಯಿಂದ’ ಎಂದು ಪಾಠದಲ್ಲಿ ಹೇಳಿದರೂ ಮಂಟಪದ ದೆಸೆಯಿಂದ ಹೊರಟವರನ್ನು ಯಾರೂ ಕಂಡಿಲ್ಲ. ಕ್ರಿಯಾಪದವನ್ನು ನೋಡಿಯೇ ತೀರ್ಮಾನಿಸಬೇಕು. ‘ತೆಗೆ’ ಎಂದರೆ ಬಾಗಿಲಿಗೆ ಒಂದರ್ಥ, ನೆಲದ ಮೇಲಿನ ಕಸಕ್ಕೆ ಇನ್ನೊಂದರ್ಥ. ತೆಗೆದುಕೊ, ತೆಗೆದುಕೋ, ತಗೋ, ಎತ್ತಿಕೊ ಎಲ್ಲವನ್ನೂ ಪಟ್ಟಿಗೆ ಸೇರಿಸಬೇಕು; ಚಾಮರಾಜನಗರದ ಕಡೆಯ ‘ತಕ್ಕೊ’ವನ್ನು ಮರೆತರೆ ಆಟ ಊರವರಿಗೇ ಪರದೇಶಿಯಾದೀತು. ಗಣಕ ಆಟಗಾರನನ್ನು ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ? ಇಂಗ್ಲಿಷಿನವರಿಗೆ ಈ ಚಿಂತೆ ಇರಲೇ ಇಲ್ಲ. ಅಜ್ಜಿ ಕಥೆ ಹೇಳುವಾಗ ನೀನು ಎನ್ನುತ್ತಾಳೆ, ಕಚೇರಿಯ ಕಾಗದ ನೀವು ಎನ್ನುತ್ತದೆ. ಆಟಕ್ಕೆ ಅಜ್ಜಿಯ ದಾರಿಯೇ ಒಪ್ಪುತ್ತದೆ. ಆದರೆ ಯಂತ್ರವೆಂದು ಗೌರವದಿಂದ ‘ತೆರೆಯಿರಿ’ ಎಂದು ಬರೆಯುವ ಮಗುವೂ ಇರುತ್ತದೆ, ಅದಕ್ಕೂ ಬಾಗಿಲು ತೆರೆಯಬೇಕು.

ಕಥೆಗೆ ದೂರದ ಗುಹೆ ಬೇಕಿಲ್ಲ. ಕ್ರೌದರ್ ತಾನು ನಡೆದ ಜಾಗವನ್ನೇ ಬರೆದ. ಚಾಮರಾಜನಗರದಿಂದ ಪಶ್ಚಿಮಕ್ಕೆ ಹೊರಟರೆ ತೆರಕಣಾಂಬಿ, ಇನ್ನೂ ಪಶ್ಚಿಮಕ್ಕೆ ಗುಂಡ್ಲುಪೇಟೆ. ಅಲ್ಲಿಂದ ದಕ್ಷಿಣಕ್ಕೆ ಹಂಗಳ. ಹಂಗಳದಿಂದ ಪಶ್ಚಿಮಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲು, ಅಲ್ಲಿಂದ ಮೇಲಕ್ಕೆ 1,454 ಮೀಟರ್ ಎತ್ತರದ ದೇವಸ್ಥಾನ. ಹಂಗಳದಿಂದ ತಿರುಗದೆ ದಕ್ಷಿಣಕ್ಕೇ ಹೋದರೆ ಮೇಲುಕಾಮನಹಳ್ಳಿ ಗೇಟು, ಆಚೆಗೆ ಬಂಡೀಪುರ. ಎಂಟು ಜಾಗಕ್ಕೆ ಒಂದರಿಂದ ಎಂಟರವರೆಗೆ ಸಂಖ್ಯೆ ಕೊಟ್ಟು, ಪ್ರತಿ ಜಾಗದಿಂದ ನಾಲ್ಕು ದಿಕ್ಕು, ಮೇಲೆ, ಕೆಳಗೆ ಎಲ್ಲಿಗೆ ದಾರಿ ಎಂದು ಬರೆದರೆ ನಲವತ್ತೆಂಟು ಅಂಕಿಗಳ ಒಂದು ಕೋಷ್ಟಕ. ದಾರಿಯಿಲ್ಲದ ಕಡೆ ಸೊನ್ನೆ. ಇಡೀ ಪ್ರಪಂಚ ನಲವತ್ತೆಂಟು ಬೈಟಿನಲ್ಲಿ ಮುಗಿಯಿತು.

ಆಟಕ್ಕೆ ಬೇಕಾದ ಬಿಗಿಯೂ ಇಲ್ಲೇ ಇದೆ. ಬಂಡೀಪುರದ ಕಾಡಿನ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧ 2009ರಲ್ಲಿ ಜಾರಿಗೆ ಬಂತು. ಆಟದಲ್ಲಿ ಗಡಿಯಾರವೆಂಬ ಒಂದು ಸಂಖ್ಯೆ ಇಟ್ಟು, ಪ್ರತಿ ಅಪ್ಪಣೆಗೂ ಹತ್ತು ನಿಮಿಷ ಕೂಡಿಸುತ್ತ ಹೋದರೆ, ಚೆಂಡುಹೂವಿನ ಹೊಲದಲ್ಲಿ ಹೊತ್ತು ಕಳೆದವನು ಗೇಟಿನ ಮುಂದೆ ಬೆಳಗಾಗುವವರೆಗೆ ಕೂರಬೇಕಾಗುತ್ತದೆ. ಬೆಟ್ಟದ ತಪ್ಪಲಿನಲ್ಲಿ ಸ್ವಂತ ವಾಹನ ಬಿಟ್ಟು ಸರ್ಕಾರಿ ಬಸ್ಸು ಹತ್ತಬೇಕು. ಅಂದಮೇಲೆ ಚಿಲ್ಲರೆ ಇರಬೇಕು. ಬೆಟ್ಟದ ಮೇಲೆ ಮಂಜು ಮುಸುಕಿದಾಗ ದಾರಿಯ ವರ್ಣನೆಗಳೆಲ್ಲ ಒಂದೇ ಆಗಿಬಿಡುತ್ತವೆ.

ಈ ಕೊನೆಯದು ಅಡ್ವೆಂಚರ್ ಆಟದ ಹಳೆಯ ತಂತ್ರ. ಎಲ್ಲ ಕೋಣೆಗಳೂ ಒಂದೇ ಥರ ಕಾಣುವ ಒಂದು ಚಕ್ರವ್ಯೂಹ ಅದರಲ್ಲಿತ್ತು. ಉತ್ತರಕ್ಕೆ ಹೋಗಿ ದಕ್ಷಿಣಕ್ಕೆ ಬಂದರೆ ಹೊರಟಲ್ಲಿಗೇ ಬರುತ್ತೀರೆಂಬ ಭರವಸೆಯೂ ಇಲ್ಲ. ಜಾಣ ಆಟಗಾರರು ಕೈಯಲ್ಲಿದ್ದ ಒಂದೊಂದು ವಸ್ತುವನ್ನು ಒಂದೊಂದು ಕೋಣೆಯಲ್ಲಿ ಬೀಳಿಸುತ್ತ ಹೋದರು. ಮುಂದೆ ಅದೇ ವಸ್ತು ಕಂಡರೆ ಹಿಂದೆ ಬಂದ ಕೋಣೆ ಇದೇ ಎಂದು ಖಾತರಿ. ಪಕ್ಕದಲ್ಲಿ ಕಾಗದದ ಮೇಲೆ ಸುತ್ತು, ಗೆರೆ ಹಾಕುತ್ತ ನಕ್ಷೆ ಬೆಳೆಸಬೇಕು. ಗಣಿತದಲ್ಲಿ ಗ್ರಾಫ್ ಸಿದ್ಧಾಂತ ಎಂದು ಕಾಲೇಜಿನಲ್ಲಿ ಕಲಿಸುವುದು ಇದನ್ನೇ.

ಇಂಥ ಬಿಡಿಸುವಿಕೆ ಈ ಊರಿಗೆ ಹೊಸತಲ್ಲ. ಅರಿಕುಠಾರವೆಂದಿದ್ದ ಊರಿಗೆ ತನ್ನ ತಂದೆಯ ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗ ಮತ್ತು ಪಗಡೆಯಾಟಗಳ ಬಗೆಗಳನ್ನು ರಚಿಸುವುದರಲ್ಲಿ ನಿಸ್ಸೀಮರಾಗಿದ್ದರು. ಚದುರಂಗದ ಕುದುರೆ ಅರವತ್ತನಾಲ್ಕು ಮನೆಗಳಲ್ಲಿ ಒಂದನ್ನೂ ಬಿಡದೆ, ಒಂದಕ್ಕೂ ಎರಡು ಸಲ ಕಾಲಿಡದೆ ಸುತ್ತಿ ಬರುವ ಸಮಸ್ಯೆಗೆ ಅವರು ಪರಿಹಾರಗಳನ್ನು ಹೆಣೆದರು. ಕುದುರೆಯ ನಡೆಗೂ ಗುಹೆಯ ನಡೆಗೂ ಲೆಕ್ಕ ಒಂದೇ.

ಮನೆಯಲ್ಲಿ ಇದನ್ನು ಆಡುವ ಒಳ್ಳೆಯ ಬಗೆ ಇಬ್ಬರು ಕೂಡಿ ಆಡುವುದು. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ನಕ್ಷೆ ಬರೆಯಬೇಕು. ಚಿತ್ರವಿಲ್ಲದ ಆಟವಾದ್ದರಿಂದ ಕಣ್ಣು ಕಾಣದ ಮಕ್ಕಳಿಗೆ ಇದರಲ್ಲಿ ಕೊರತೆಯೇನಿಲ್ಲ. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಉಚಿತ ತಂತ್ರಾಂಶಗಳಿವೆ, ಅವು ಕನ್ನಡವನ್ನೂ ಓದುತ್ತವೆ. ಒಂದು ಬಾರಿಗೆ ಅರ್ಧ ಗಂಟೆ ಸಾಕು; ಸಿಕ್ಕಿಹಾಕಿಕೊಂಡಾಗ ಯಂತ್ರ ಆರಿಸಿ ಊಟಕ್ಕೆ ಕೂತರೆ ಉತ್ತರ ಎಷ್ಟೋ ಸಲ ಅಲ್ಲೇ ಹೊಳೆಯುತ್ತದೆ.

ಬರೆಯುವವರಿಗೆ ಒಂದು ಮಾತು. ಆಟಗಾರ ಏನೆಲ್ಲ ಕೇಳಬಹುದೆಂದು ಮೊದಲೇ ಊಹಿಸಿ ಉತ್ತರ ಸಿದ್ಧವಿಡುವುದೇ ಈ ಕೆಲಸದ ಬಹುಪಾಲು. ಗೊತ್ತಾಗದ ಮಾತಿಗೆ ‘ಅರ್ಥವಾಗಲಿಲ್ಲ’ ಎಂದಷ್ಟೇ ಹೇಳುವ ಆಟ ಬೇಗ ಬೇಸರ ತರಿಸುತ್ತದೆ. ‘ಕಲ್ಲು ಎಂದರೆ ಗೊತ್ತು, ಅದನ್ನು ಏನು ಮಾಡಬೇಕೆಂದು ಗೊತ್ತಾಗಲಿಲ್ಲ’ ಎಂದರೆ ಮಗು ಮತ್ತೆ ಬರೆಯುತ್ತದೆ. ಗುಂಡ್ಲುಪೇಟೆಯಿಂದ ಬಾಳೆಗೊನೆ ಹೊತ್ತು ಹೊರಟ ಆಟಗಾರ ಬಂಡೀಪುರದಲ್ಲಿ ‘ಆನೆಗೆ ಬಾಳೆಹಣ್ಣು ಕೊಡು’ ಎಂದು ಬರೆದೇ ಬರೆಯುತ್ತಾನೆ. ಕಾಡುಪ್ರಾಣಿಗಳಿಗೆ ತಿನಿಸು ಕೊಡುವುದು ಅಲ್ಲಿ ನಿಷಿದ್ಧ. ಆದ್ದರಿಂದ ಆ ಸಾಲಿಗೆ ಅರಣ್ಯ ರಕ್ಷಕನೊಬ್ಬ ದಂಡದ ರಸೀದಿ ಪುಸ್ತಕದೊಡನೆ ಪೊದೆಯಿಂದ ಹೊರಬರುವಂತೆ ಬರೆದಿಟ್ಟಿರಬೇಕು. ಬಸ್ಸಿಗೆಂದು ಇಟ್ಟುಕೊಂಡ ಚಿಲ್ಲರೆ ಅಲ್ಲಿಗೆ ಮುಗಿಯಿತು.